ಧ್ವಜದ ಮೇಲಿನ ಕರಡಿ, ಹೂಕುಂಡದ ಹಾವು

ಹೆಬ್ಬಗೋಡಿಯಲ್ಲಿ ಹೊಸೂರು ರಸ್ತೆಯ ಬದಿಗೆ ನಿಂತು, ತಮಿಳುನಾಡಿನ ಕಡೆ ಹೋಗುವ ಕೆಂಪು ಕೆಎಸ್‌ಆರ್‌ಟಿಸಿ ಬಸ್ಸೊಂದನ್ನು ಸರಿಯಾಗಿ ನೋಡಿ. ಅದರ ಲಾಂಛನದಲ್ಲಿ ಒಂದು ಹಕ್ಕಿ ಇದೆ. ಮೈ ಒಂದು, ತಲೆ ಎರಡು. ಇದೇ ಗಂಡಭೇರುಂಡ. ನಮ್ಮ ರಾಜ್ಯ ಸರ್ಕಾರದ ಲಾಂಛನದ ನಡುವೆಯೂ ಇದೇ ಹಕ್ಕಿ ಕೂತಿದೆ. ಅದರ ಎಡಬಲಕ್ಕೆ ನಿಂತಿರುವ ಪ್ರಾಣಿಗಳು ಇನ್ನೂ ವಿಚಿತ್ರ: ಸಿಂಹದ ಮೈಗೆ ಆನೆಯ ತಲೆ. ಅವು ಶರಭಗಳು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬವೊಂದಿದೆ. ಅದರ ತುದಿಯಲ್ಲಿರುವ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಸಾವಿರ ವರ್ಷದ ಹತ್ತಿರ ಹತ್ತಿರ ಆಯಿತು, ನಾವು ಈ ಹಕ್ಕಿಯನ್ನು ಬಿಟ್ಟಿಲ್ಲ. ಆದರೆ ಇದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ.

ಇಲ್ಲದ ಪ್ರಾಣಿಯನ್ನು ಲಾಂಛನ ಮಾಡಿಕೊಂಡವರು ನಾವು ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಧ್ವಜದಲ್ಲಿ ಒಂದು ಗ್ರಿಜ್ಲಿ ಕರಡಿ ನಡೆದು ಹೋಗುತ್ತಿದೆ. 1953ರಲ್ಲಿ ಅದನ್ನು ರಾಜ್ಯಪ್ರಾಣಿ ಎಂದು ಘೋಷಿಸಿದರು. ತಮಾಷೆ ಏನೆಂದರೆ, ಅಷ್ಟು ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಗ್ರಿಜ್ಲಿಯೂ ಉಳಿದಿರಲಿಲ್ಲ. ಚಿನ್ನ ಹುಡುಕುತ್ತ ಬಂದವರು, ದನ ಸಾಕಲು ಬಂದವರು ಎಲ್ಲ ಸೇರಿ ಗುಂಡು ಹೊಡೆದು, ವಿಷ ಇಟ್ಟು 1920ರ ದಶಕದಲ್ಲೇ ಕೊನೆಯದನ್ನೂ ಮುಗಿಸಿದ್ದರು. ಹಾಗಾದರೆ ಧ್ವಜದ ಚಿತ್ರಕ್ಕೆ ಮಾದರಿ ಯಾವುದು? 1889ರಲ್ಲಿ ಪತ್ರಿಕೆಯೊಂದರ ಮಾಲೀಕ ಹಿಡಿಸಿ ತರಿಸಿದ್ದ ‘ಮೊನಾರ್ಕ್’ ಎಂಬ ಕರಡಿ. ಅದು ಬದುಕಿನ ಉಳಿದ ವರ್ಷಗಳನ್ನೆಲ್ಲ ಸ್ಯಾನ್‌ಫ್ರಾನ್ಸಿಸ್ಕೊದ ಬೋನಿನಲ್ಲಿ ಕಳೆದು 1911ರಲ್ಲಿ ಸತ್ತಿತು. ಧ್ವಜದಲ್ಲಿ ಅದು ಬಯಲಲ್ಲಿ ಹಾಯಾಗಿ ನಡೆಯುತ್ತಿದೆ. ನಮ್ಮ ಗಂಡಭೇರುಂಡಕ್ಕೆ ಈ ಕಷ್ಟ ಇಲ್ಲ. ಹುಟ್ಟದ ಹಕ್ಕಿಯನ್ನು ಯಾರೂ ಕೊಲ್ಲಲಾರರು.

ಅಮೆರಿಕದಲ್ಲಿ 50 ರಾಜ್ಯಗಳಿವೆ. ಹೆಬ್ಬಗೋಡಿ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ಮನೆಗಳಲ್ಲಿ ಅವುಗಳ ಹೆಸರು ಹೊಸದಲ್ಲ. ಯಾರದೋ ಅಪ್ಪ ಆನ್‌ಸೈಟ್ ಎಂದು ಟೆಕ್ಸಸ್‌ಗೆ ಹೋಗಿರುತ್ತಾರೆ, ಯಾರದೋ ಚಿಕ್ಕಮ್ಮ ನಾರ್ತ್ ಕ್ಯಾರೊಲಿನಾದಲ್ಲಿ ಇರುತ್ತಾರೆ. ಆದರೆ ಆ ರಾಜ್ಯಗಳಿಗೆ ಪ್ರಾಣಿಗಳನ್ನು ಆರಿಸುವ ಹುಚ್ಚು ಎಷ್ಟಿದೆ ಎಂದು ಇಲ್ಲಿಗೆ ಫೋನ್ ಮಾಡುವಾಗ ಯಾರೂ ಹೇಳುವುದಿಲ್ಲ. ಒಂದು ಪ್ರಾಣಿ, ಒಂದು ಹಕ್ಕಿಗೆ ಅವರಿಗೆ ಸಮಾಧಾನವಿಲ್ಲ. ರಾಜ್ಯಮೀನು, ರಾಜ್ಯಕೀಟ, ರಾಜ್ಯಸರೀಸೃಪ, ಕೆಲವೆಡೆ ರಾಜ್ಯದ ನಾಯಿ, ಮೇನ್ ರಾಜ್ಯದಲ್ಲಂತೂ ರಾಜ್ಯದ ಬೆಕ್ಕು. ನಾರ್ತ್ ಕ್ಯಾರೊಲಿನಾ 2013ರಲ್ಲಿ ಹೊಟ್ಟೆಚೀಲದ ಪ್ರಾಣಿಗೂ ಒಂದು ಪಟ್ಟ ಕೊಟ್ಟಿತು. ಅದು ಒಪೊಸಮ್‌ಗೆ ಹೋಯಿತು, ಏಕೆಂದರೆ ಸ್ಪರ್ಧೆಗೆ ಬೇರೆ ಯಾರೂ ಇರಲಿಲ್ಲ. ಮೆಕ್ಸಿಕೊದಿಂದ ಉತ್ತರಕ್ಕೆ ಇರುವ ಹೊಟ್ಟೆಚೀಲದ ಪ್ರಾಣಿ ಅದೊಂದೇ.

ಇದನ್ನೆಲ್ಲ ಆರಿಸುವವರು ಯಾರು? ಕಾನೂನು ಮಾಡುವುದು ಶಾಸಕರೇ. ಆದರೆ ಎಷ್ಟೋ ಸಲ ಅವರನ್ನು ಹಿಡಿದು ಕೂರಿಸಿದ್ದು ಶಾಲಾಮಕ್ಕಳು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎರಡನೇ ತರಗತಿಯ ಮಕ್ಕಳು, ಕೆಂಪು ಬೆನ್ನಿಗೆ ಕಪ್ಪು ಚುಕ್ಕೆಯಿರುವ ಲೇಡಿಬಗ್ ನಮ್ಮ ರಾಜ್ಯಕೀಟ ಆಗಬೇಕು ಎಂದು ಅರ್ಜಿ ಹಾಕಿದರು. 1974ರಲ್ಲಿ ಅದು ಕಾನೂನೇ ಆಯಿತು. ಫ್ಲಾರಿಡಾದಲ್ಲಿ ಶಾಲಾಮಕ್ಕಳ ಮತದಿಂದ ಪ್ಯಾಂಥರ್ 1982ರಲ್ಲಿ ರಾಜ್ಯಪ್ರಾಣಿಯಾಯಿತು. ಎರಡನೇ ತರಗತಿಯವರಿಗೆ ಶಾಸನಸಭೆಯ ಬಾಗಿಲು ತೆರೆದದ್ದು ಒಂದು ಹುಳದಿಂದ ಎಂಬುದು ನನಗೆ ಕ್ಯಾಲಿಫೋರ್ನಿಯಾದ ಕರಡಿಗಿಂತ ಹೆಚ್ಚು ಇಷ್ಟವಾದ ಸುದ್ದಿ.

ಟೆಕ್ಸಸ್ ದೊಡ್ಡ ರಾಜ್ಯ, ಅದರ ಪಟ್ಟಿಯೂ ದೊಡ್ಡದು. ಅಲ್ಲಿನ ರಾಜ್ಯ ಸರೀಸೃಪ ಕೊಂಬಿನ ಹಲ್ಲಿ. ನಾಯಿಯೋ ನರಿಯೋ ಮೇಲೆ ಬಿದ್ದರೆ ಅದು ಕಣ್ಣಿನಿಂದ ರಕ್ತ ಚಿಮ್ಮಿಸುತ್ತದೆ, ಒಂದು ಮೀಟರ್ ದೂರಕ್ಕೂ. ಆ ರಕ್ತ ನಾಯಿ ಜಾತಿಯ ಪ್ರಾಣಿಗಳ ಬಾಯಿಗೆ ಕೆಟ್ಟ ರುಚಿ. ಟೆಕ್ಸಸ್‌ನ ಸಣ್ಣ ಸಸ್ತನಿಯ ಪಟ್ಟ 1995ರಲ್ಲಿ ಆರ್ಮಡಿಲೊಗೆ ಸಿಕ್ಕಿತು. ಬೆನ್ನ ಮೇಲೆ ಮೂಳೆಯ ಕವಚ ಹೊತ್ತ ಈ ಪ್ರಾಣಿ ಹಳ್ಳ ದಾಟಬೇಕಾದರೆ ಉಸಿರು ಬಿಗಿಹಿಡಿದು ನೀರಿನ ತಳದಲ್ಲೇ ನಡೆದು ಹೋಗಬಲ್ಲದು. ಹೆರುವಾಗ ಸಾಮಾನ್ಯವಾಗಿ ನಾಲ್ಕು ಮರಿ. ನಾಲ್ಕೂ ಗಂಡು, ಇಲ್ಲವೇ ನಾಲ್ಕೂ ಹೆಣ್ಣು. ಒಂದೇ ಮೊಟ್ಟೆ ನಾಲ್ಕಾಗಿ ಒಡೆದು ಬೆಳೆಯುವುದರಿಂದ ಅವು ಒಂದರ ಪಡಿಯಚ್ಚು ಇನ್ನೊಂದು. ಬೆಚ್ಚಿಬಿದ್ದರೆ ಆರ್ಮಡಿಲೊ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಕಾಡಿನಲ್ಲಿ ಇದು ಒಳ್ಳೆಯ ಉಪಾಯ, ಹೆದ್ದಾರಿಯಲ್ಲಿ ಅಲ್ಲ: ಕಾರು ಮೇಲಿಂದ ಹಾದುಹೋಗುವಷ್ಟರಲ್ಲಿ ಹಾರಿ ಅದರ ಅಡಿಭಾಗಕ್ಕೇ ಬಡಿದುಕೊಳ್ಳುತ್ತದೆ. ನಮ್ಮ ಚಿಪ್ಪುಹಂದಿಯನ್ನು ನೋಡಿದವರಿಗೆ ಇವೆರಡೂ ದಾಯಾದಿಗಳು ಅನ್ನಿಸಬಹುದು. ಅಲ್ಲ. ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರಿನ ವಸ್ತುವಿನಿಂದಲೇ ಆದದ್ದು. ಅದು ಉಂಡೆಯಾಗಿ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಟೆಕ್ಸಸ್‌ನ ಆರ್ಮಡಿಲೊಗೆ ಪೂರ್ತಿ ಉಂಡೆಯಾಗಲು ಬರುವುದಿಲ್ಲ.

ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದ ಹಲ್ಲಿಯ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನಿಸಬೇಕು. ಅದರ ಹೆಸರು ವಿಪ್‌ಟೇಲ್. 2003ರಿಂದ ಅದು ಆ ರಾಜ್ಯದ ಸರೀಸೃಪ. ಈ ಜಾತಿಯಲ್ಲಿ ಗಂಡೇ ಇಲ್ಲ, ಇರುವವೆಲ್ಲ ಹೆಣ್ಣು. ಬಹಳ ಹಿಂದೆ ಎರಡು ಬೇರೆ ಬೇರೆ ಜಾತಿಯ ಹಲ್ಲಿಗಳು ಕೂಡಿ ಹುಟ್ಟಿದ ಮಿಶ್ರ ಸಂತಾನ ಇದು. ತಾಯಿಹಲ್ಲಿ ಯಾರ ಹಂಗೂ ಇಲ್ಲದೆ ಮೊಟ್ಟೆ ಇಡುತ್ತದೆ, ಮರಿ ಹೊರಬರುತ್ತದೆ, ಆ ಮರಿಯೂ ಹೆಣ್ಣೇ. ಸಾಮಾನ್ಯವಾಗಿ ಮೊಟ್ಟೆಯಲ್ಲಿ ತಾಯಿಯ ಗುಣಗಳ ಅರ್ಧ ಪಾಲು ಮಾತ್ರ ಇರುತ್ತದೆ, ಉಳಿದರ್ಧ ತಂದೆಯಿಂದ ಬರಬೇಕು. ವಿಪ್‌ಟೇಲ್‌ನ ಮೊಟ್ಟೆ ಮಾತ್ರ ಪೂರ್ತಿ ಪಾಲನ್ನೂ ಇಟ್ಟುಕೊಂಡೇ ಬರುತ್ತದೆ. ಆದ್ದರಿಂದ ಮಗಳು ತಾಯಿಯದೇ ನಕಲು. ಅನುಕೂಲವೂ ಇದೆ, ಅಪಾಯವೂ ಇದೆ. ಒಂದೇ ಒಂದು ಹಲ್ಲಿ ಹೊಸ ಜಾಗಕ್ಕೆ ಹೋದರೂ ವಂಶ ಬೆಳೆಸಬಹುದು. ಆದರೆ ಒಂದನ್ನು ಕೊಲ್ಲುವ ರೋಗ ಬಂದರೆ ಉಳಿದವಕ್ಕೂ ತಪ್ಪಿಸಿಕೊಳ್ಳಲು ಬೇರೆ ಗುಣವಿಲ್ಲ.

ಇಂಥದನ್ನು ನೋಡಲು ನ್ಯೂ ಮೆಕ್ಸಿಕೊಗೆ ವಿಮಾನ ಹತ್ತಬೇಕಾಗಿಲ್ಲ. ನಿಮ್ಮ ಬಾಲ್ಕನಿಯ ಹೂಕುಂಡವನ್ನು ಸ್ವಲ್ಪ ಸರಿಸಿ ನೋಡಿ. ಮಳೆಗಾಲವಾದರೆ ಬಚ್ಚಲಿನ ಮೂಲೆಯೂ ಆದೀತು. ಎರೆಹುಳದಷ್ಟೇ ಸಣ್ಣ, ಕಪ್ಪಗೆ ಹೊಳೆಯುವ, ಒಂದು ಗೇಣೂ ಉದ್ದವಿಲ್ಲದ ಜೀವಿ ಸರಸರ ಓಡಿದರೆ ಅದು ಎರೆಹುಳವಲ್ಲ, ಕುರುಡು ಹಾವು. ಎರೆಹುಳಕ್ಕೆ ಮೈತುಂಬ ಉಂಗುರಗಳಿರುತ್ತವೆ, ಇದಕ್ಕೆ ನುಣುಪಾದ ಹುರುಪೆ. ನಡುನಡುವೆ ನಾಲಿಗೆಯನ್ನೂ ಚಾಚುತ್ತದೆ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಚುಕ್ಕೆ ಇವೆ. ಬೆಳಕೋ ಕತ್ತಲೆಯೋ ಎಂದು ತಿಳಿಯಲು ಅಷ್ಟೇ ಸಾಕು. ಮಣ್ಣಿನೊಳಗೆ ಇರುವೆ ಮತ್ತು ಗೆದ್ದಲಿನ ಮೊಟ್ಟೆ, ಮರಿಗಳನ್ನು ತಿಂದುಕೊಂಡು ಇರುತ್ತದೆ. ವಿಷವಿಲ್ಲ, ಕಚ್ಚಲು ಬಾಯಿಯೂ ಸಾಲದು. ಕಿವಿಗೆ ಹೊಕ್ಕು ಪ್ರಾಣ ತೆಗೆಯುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಇದು ಕೂಡ ಹೆಣ್ಣುಗಳದೇ ಜಾತಿ. ಗಂಡಿಲ್ಲದೆಯೇ ವಂಶ ನಡೆಸುವ ಹಾವಿನ ಜಾತಿ ಎಂದು ವಿಜ್ಞಾನಿಗಳಿಗೆ ಖಚಿತವಾಗಿ ಗೊತ್ತಿರುವುದು ಇದೊಂದೇ. ಏಷ್ಯಾದ ಈ ಹಾವು ಗಿಡಗಳ ಬೇರಿಗೆ ಅಂಟಿದ ಮಣ್ಣಿನೊಳಗೆ ಕೂತು, ಹಡಗು ಹತ್ತಿ ಭೂಮಿಯ ಬೆಚ್ಚನೆಯ ನಾಡುಗಳಿಗೆಲ್ಲ ಹರಡಿತು. ಅಮೆರಿಕದ ಫ್ಲಾರಿಡಾದಲ್ಲೂ ಹವಾಯಿ ದ್ವೀಪಗಳಲ್ಲೂ ಇಂದು ಅದು ಮಾಮೂಲಿ. ಜೋಡಿ ಹುಡುಕುವ ಗೋಜಿಲ್ಲ, ಒಂದು ಕುಂಡಕ್ಕೆ ಒಂದು ಹಾವು ಸಾಕು. ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋಗಿ ನೆಲೆ ನಿಂತವರ ಪಟ್ಟಿ ಬರೆಯುವಾಗ ಸಾಫ್ಟ್‌ವೇರ್ ಎಂಜಿನಿಯರುಗಳ ಜೊತೆಗೆ ಇದರ ಹೆಸರನ್ನೂ ಸೇರಿಸಬೇಕು. ವೀಸಾ ಒಂದನ್ನು ಬಿಟ್ಟು ಇದಕ್ಕೆ ಎಲ್ಲವೂ ಸಿಕ್ಕಿತು.

ಹಕ್ಕಿಗಳ ವಿಷಯದಲ್ಲಿ ಅಮೆರಿಕದವರ ಕಲ್ಪನೆ ಸ್ವಲ್ಪ ಬಡವಾಯಿತು ಎನ್ನಬೇಕು. ಕೆಂಪು ಬಣ್ಣದ ಕಾರ್ಡಿನಲ್ ಒಂದನ್ನೇ ಏಳು ರಾಜ್ಯಗಳು ರಾಜ್ಯಪಕ್ಷಿ ಮಾಡಿಕೊಂಡಿವೆ. ನಾವು ನಗುವಂತಿಲ್ಲ. ನಮ್ಮ ನೀಲಕಂಠ ತೆಲಂಗಾಣಕ್ಕೂ ಒಡಿಶಾಕ್ಕೂ ರಾಜ್ಯಪಕ್ಷಿ. ಚಿಟ್ಟೆಯನ್ನು ಆರಿಸುವಾಗ ಮಾತ್ರ ಕರ್ನಾಟಕ ಜಾಣತನ ತೋರಿತು. ದೇಶದಲ್ಲಿ ಮೊದಲು ಮಹಾರಾಷ್ಟ್ರ 2015ರಲ್ಲಿ ತನ್ನ ರಾಜ್ಯಚಿಟ್ಟೆಯನ್ನು ಸಾರಿತು. ನಂತರ ಕರ್ನಾಟಕ ಆರಿಸಿದ್ದು ಪಶ್ಚಿಮ ಘಟ್ಟದ ಸದರ್ನ್ ಬರ್ಡ್‌ವಿಂಗ್ ಅನ್ನು. ದಕ್ಷಿಣ ಭಾರತದಲ್ಲಿ ಇದಕ್ಕಿಂತ ದೊಡ್ಡ ಚಿಟ್ಟೆ ಇಲ್ಲ. ಮೈರೆಕ್ಕೆಗಳ ಮೇಲೆ ಹಳದಿಯೂ ಇದೆ, ಕೆಂಪೂ ಇದೆ. ನವೆಂಬರ್ ತಿಂಗಳಲ್ಲಿ ಆಟೊಗಳ ಮೇಲೆ ಹಾರುವ ಬಾವುಟದ ಬಣ್ಣಗಳೇ.

ಇನ್ನು ವರ್ಮಾಂಟ್. ಸಮುದ್ರದ ದಡವೇ ಇಲ್ಲದ ಈ ರಾಜ್ಯ 1993ರಲ್ಲಿ ತಿಮಿಂಗಿಲವೊಂದನ್ನು ರಾಜ್ಯದ ಪಳೆಯುಳಿಕೆ ಎಂದು ಘೋಷಿಸಿತು. 1849ರಲ್ಲಿ ರೈಲುಹಳಿ ಹಾಕಲು ನೆಲ ಅಗೆಯುತ್ತಿದ್ದ ಕೂಲಿಗಳಿಗೆ ಹೊಲದ ಜೇಡಿಮಣ್ಣಿನಲ್ಲಿ ಮೂಳೆಗಳು ಸಿಕ್ಕವು. ಅವು ಬೆಲೂಗಾ ತಿಮಿಂಗಿಲದವು. ಹಿಮಯುಗದ ಭಾರೀ ಹಿಮದ ಪದರ ಅಲ್ಲಿನ ನೆಲವನ್ನು ಕೆಳಕ್ಕೆ ಒತ್ತಿತ್ತು. ಸುಮಾರು 12 ಸಾವಿರ ವರ್ಷಗಳ ಹಿಂದೆ ಹಿಮ ಕರಗಿದಾಗ ತಗ್ಗಿದ ನೆಲಕ್ಕೆ ಅಟ್ಲಾಂಟಿಕ್ ಸಾಗರದ ನೀರು ನುಗ್ಗಿತು, ಅದರ ಜೊತೆ ತಿಮಿಂಗಿಲಗಳೂ ಬಂದವು. ಭಾರ ಇಳಿದ ನೆಲ ಮೆಲ್ಲಮೆಲ್ಲನೆ ಮೇಲೆದ್ದಿತು, ಸಮುದ್ರ ಹಿಂದೆ ಸರಿಯಿತು, ಮೂಳೆ ಅಲ್ಲೇ ಉಳಿಯಿತು.

2025ರ ಆಗಸ್ಟ್‌ನಲ್ಲಿ ಶುರುವಾದ ನಮ್ಮ ಹಳದಿ ಮೆಟ್ರೊ ಮಾರ್ಗಕ್ಕಾಗಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್ ಉದ್ದಕ್ಕೂ ಕಂಬದ ಗುಂಡಿ ತೋಡಿದರಲ್ಲ, ಹೆಬ್ಬಗೋಡಿಯಲ್ಲಿ ಯಾಕೆ ಒಂದು ತಿಮಿಂಗಿಲವೂ ಸಿಗಲಿಲ್ಲ? ಇಲ್ಲಿ ಮಣ್ಣಿನ ಕೆಳಗೆ ಇರುವುದು ಲಾಲ್‌ಬಾಗ್ ಬಂಡೆಯ ಬಳಗದ ಕಲ್ಲು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆಗ ಭೂಮಿಯ ಮೇಲೆ ತಿಮಿಂಗಿಲವಿರಲಿ, ಮೀನೂ ಇರಲಿಲ್ಲ, ಹುಳವೂ ಇರಲಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಷ್ಟೇ ಇದ್ದ ಕಾಲ. ಅದೂ ಅಲ್ಲದೆ ಆ ಕಲ್ಲು ಭೂಮಿಯೊಳಗೆ ಕಾದು, ನಲುಗಿ, ಮತ್ತೆ ಗಟ್ಟಿಯಾದದ್ದು. ಅದರಲ್ಲಿ ಪಳೆಯುಳಿಕೆ ಹುಡುಕುವುದು ದಂಡ.

ರಾಜ್ಯಗಳಿಗೆ ಮಾತ್ರವೇ ಪ್ರಾಣಿ ಇರಬೇಕು ಎಂದೇನೂ ಇಲ್ಲ. ಅಸ್ಸಾಮಿನ ಗುವಾಹಟಿ 2016ರಲ್ಲಿ ಮತದಾನ ನಡೆಸಿ ತನಗೊಂದು ನಗರಪ್ರಾಣಿ ಆರಿಸಿಕೊಂಡಿತು. ಕಣದಲ್ಲಿದ್ದವರು ಮೂವರು: ಒಂದು ಆಮೆ, ಒಂದು ದೊಡ್ಡ ಕೊಕ್ಕರೆ, ಒಂದು ನದಿ ಡಾಲ್ಫಿನ್. ಡಾಲ್ಫಿನ್ ಗೆದ್ದಿತು. ಹೆಬ್ಬಗೋಡಿಗೂ ನಗರಸಭೆ ಇದೆ. ಇಲ್ಲಿನ ಶಾಲೆಗಳ ಮಕ್ಕಳು ಇಂಥ ಮತದಾನ ನಡೆಸಿದರೆ ಯಾರು ಯಾರು ನಿಲ್ಲಬಹುದು?

ಆನೆಗೆ ಮೊದಲ ಹಕ್ಕು. ಬನ್ನೇರುಘಟ್ಟದ ಕಾಡು ಇರುವುದು ಆನೇಕಲ್ ತಾಲ್ಲೂಕಿನ ಮಗ್ಗುಲಲ್ಲೇ. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆಗಳ ಹಿಂಡು ಹೊಲಕ್ಕೆ ಇಳಿಯುತ್ತದೆ, ರೈತರು ರಾತ್ರಿಯಿಡೀ ಕಾವಲು ಕೂರುತ್ತಾರೆ. 2023ರ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳ ಸಂಖ್ಯೆ 6,395 ಎಂದು ಅಂದಾಜಾಯಿತು. ಆದರೆ ಆನೆ ಆಗಲೇ ರಾಜ್ಯಪ್ರಾಣಿ, ದೇಶದ ಪಾರಂಪರಿಕ ಪ್ರಾಣಿಯೂ ಹೌದು. ಅದಕ್ಕೇ ಮೂರನೇ ಕುರ್ಚಿಯನ್ನೂ ಕೊಟ್ಟರೆ ಉಳಿದವರಿಗೇನು? ಚಿರತೆಯೂ ಅರ್ಜಿ ಹಾಕಬಹುದು. 2016ರಲ್ಲಿ ವೈಟ್‌ಫೀಲ್ಡ್ ಬಳಿಯ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಅದು ನುಗ್ಗಿತ್ತು, 2024ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸಿಸಿಟಿವಿಯಲ್ಲೂ ಕಾಣಿಸಿಕೊಂಡಿತು. ಇದು ನಮ್ಮ ಐಟಿ ಪ್ರದೇಶಗಳನ್ನು ಚೆನ್ನಾಗಿಯೇ ಬಲ್ಲ ಪ್ರಾಣಿ. ಅಮ್ಮಂದಿರು ಒಪ್ಪುವುದು ಕಷ್ಟ.

ಕಾಡುಪಾಪನಿಗೆ ನನ್ನ ಅರ್ಧ ಮತ ಇದೆ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು, ಬಾಲವಿಲ್ಲ, ಮುಖದ ತುಂಬ ಕಣ್ಣು. ಮಂಗಗಳ ದೂರದ ನೆಂಟ. ರಾತ್ರಿ ಕೊಂಬೆಯಿಂದ ಕೊಂಬೆಗೆ ಒಂದೊಂದೇ ಕೈ ಇಟ್ಟು ನಡೆಯುತ್ತದೆ, ಹುಳ ಹಿಡಿದು ತಿನ್ನುತ್ತದೆ. ತನ್ನ ಮೂತ್ರವನ್ನೇ ಕೈಕಾಲಿಗೆ ಸವರಿಕೊಳ್ಳುತ್ತದೆ. ಮಲ್ಲೇಶ್ವರದ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲಿ ಇಂದಿಗೂ ಇದೆ. ಆದರೆ ಅದಕ್ಕೆ ಮಂಗನ ಹಾಗೆ ಜಿಗಿಯಲು ಬರುವುದಿಲ್ಲ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿರಬೇಕು. ನಡುವೆ ರಸ್ತೆ ಬಂದರೆ ಅದರ ಪ್ರಪಂಚ ಅಲ್ಲಿಗೆ ಮುಗಿಯಿತು. ಬೊಮ್ಮಸಂದ್ರದ ಕಾರ್ಖಾನೆಗಳ ಸಾಲಿನಲ್ಲಿ ಅಂಥ ಮರಗಳ ಸಾಲು ಎಲ್ಲಿದೆ ತೋರಿಸಿ, ಆಮೇಲೆ ಉಳಿದರ್ಧ ಮತ ಹಾಕುತ್ತೇನೆ.

ಹಾಗಾಗಿ ಸದ್ಯಕ್ಕೆ ನನ್ನ ಅಭ್ಯರ್ಥಿ ಹೂಕುಂಡದ ಕುರುಡು ಹಾವು. ಇದು ಹೆಬ್ಬಗೋಡಿಯ ಅಪಾರ್ಟ್‌ಮೆಂಟಿನಲ್ಲೂ ಇರಬಲ್ಲದು, ವಠಾರದ ತುಳಸಿಕಟ್ಟೆಯಲ್ಲೂ ಇರಬಲ್ಲದು. ಯಾರಿಗೂ ತೊಂದರೆ ಕೊಡದು, ಗೆದ್ದಲು ಕಡಿಮೆ ಮಾಡುತ್ತದೆ, ವಿದೇಶದಲ್ಲಿ ಅನುಭವವೂ ಇದೆ. ಲಾಂಛನ ಬರೆಯುವ ಸ್ಪರ್ಧೆ ಇಟ್ಟರೆ, ಚಿತ್ರ ಬರೆಯಲು ಬರುವುದೇ ಇಲ್ಲ ಎನ್ನುವವರೂ ಧೈರ್ಯವಾಗಿ ಹೆಸರು ಕೊಡಬಹುದು.