ಹಳೆಯ ಕಾರು, ಕಾಲು ಮೈಲಿನ ಓಟ

ಕಾರಿನ ಪಂದ್ಯವೆಂದೊಡನೆ ಹತ್ತಾರು ಕಾರುಗಳು ಸುತ್ತು ಸುತ್ತಿ ಓಡುವ ಚಿತ್ರ ನಮ್ಮ ಕಣ್ಣೆದುರು ನಿಲ್ಲುತ್ತದೆ. ಅಮೆರಿಕದಲ್ಲಿ ಇದಕ್ಕಿಂತ ತೀರ ಬೇರೆಯಾದ ಇನ್ನೊಂದು ಪಂದ್ಯವುಂಟು. ನೇರವಾದ ದಾರಿ, ಎರಡೇ ಕಾರುಗಳು, ಕಾಲು ಮೈಲು ಅಂದರೆ 1320 ಅಡಿ ದೂರ. ನಿಂತಲ್ಲಿಂದ ಹೊರಟು ಮೊದಲು ಗುರಿ ಮುಟ್ಟಿದವನು ಗೆದ್ದಂತೆ. ಹನ್ನೆರಡು ಹದಿನೈದು ಸೆಕೆಂಡುಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಇದಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ಅಲ್ಲಿನ ಎಷ್ಟೋ ಮಂದಿ ಸಾಮಾನ್ಯ ಗೃಹಸ್ಥರು ರಜಾದಿನಗಳಲ್ಲಿ ಮನೆಯ ಗರಾಜಿನಲ್ಲಿಯೇ ಹಳೆಯ ಕಾರೊಂದನ್ನು ಈ ಓಟಕ್ಕೆ ಅಣಿಗೊಳಿಸುತ್ತಾರೆ. ಆ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ನೋಡೋಣ. ನಾವು ಭೌತಶಾಸ್ತ್ರದ ತರಗತಿಯಲ್ಲಿ ಓದುವ ಘರ್ಷಣೆ, ಬಲ, ಚಲನಶಕ್ತಿಗಳೆಲ್ಲ ಆ ಗರಾಜಿನಲ್ಲಿ ಕೆಲಸ ಮಾಡುತ್ತಿರುತ್ತವೆ.

ಮೊದಮೊದಲು ಯುವಕರು ಈ ಪೈಪೋಟಿಯನ್ನು ಸಾರ್ವಜನಿಕ ರಸ್ತೆಗಳಲ್ಲಿಯೇ ನಡೆಸುತ್ತಿದ್ದರು. ಅದರಿಂದಾಗುವ ಅಪಾಯವನ್ನು ಹೇಳಬೇಕಾಗಿಲ್ಲ. 1950ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಆನಾದಲ್ಲಿ ವಿಮಾನ ನಿಲ್ದಾಣದ ಓಡುದಾರಿಯೊಂದರಲ್ಲಿ ವ್ಯವಸ್ಥಿತ ಪಂದ್ಯಗಳು ಆರಂಭವಾದವು. ಮರುವರ್ಷ, 1951ರಲ್ಲಿ, ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹುಡುಗರನ್ನು ಬೀದಿಯಿಂದ ಮೈದಾನಕ್ಕೆ ಕರೆತಂದು, ನಿಯಮಗಳ ಚೌಕಟ್ಟಿನೊಳಗೆ ಓಡಿಸುವುದೇ ಅದರ ಉದ್ದೇಶವಾಗಿತ್ತು.

ಇನ್ನು ಕಾರಿನ ವಿಚಾರ. 1964ರಲ್ಲಿ ಪಾಂಟಿಯಾಕ್ ಕಂಪೆನಿಯವರು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ 6.4 ಲೀಟರಿನ ಎಂಜಿನನ್ನು ಕೂರಿಸಿ ಜಿ.ಟಿ.ಓ. ಎಂಬ ಹೆಸರಿನಲ್ಲಿ ಮಾರಿದರು. ಅಲ್ಲಿಂದ ಮುಂದಿನ ಏಳೆಂಟು ವರ್ಷ ಇಂಥ ಕಾರುಗಳ ಸುಗ್ಗಿ. ಇವುಗಳಿಗೆ ಮಸಲ್ ಕಾರ್, ಎಂದರೆ ಕಟ್ಟುಮಸ್ತಾದ ಕಾರು, ಎಂದು ಹೆಸರು ಬಂತು. ನಾವು ಉದಾಹರಣೆಗಾಗಿ 1970ರ ಷೆವರ್ಲೆ ಷೆವೆಲ್ ಮಾಲಿಬು ಕಾರನ್ನು ತೆಗೆದುಕೊಳ್ಳೋಣ. ಇದರ ವಿಶೇಷ ಮಾದರಿಯಾದ ಎಸ್.ಎಸ್. ಇಂದು ದುಬಾರಿ, ಕಾರ್ಖಾನೆಯಿಂದ ಬಂದಂತೆಯೇ ಉಳಿದಿರುವ ಅಂಥ ಕಾರನ್ನು ಕತ್ತರಿಸುವುದು ಹಳೆಯ ತಾಳೆಗರಿಯನ್ನು ಒಲೆಗೆ ಹಾಕಿದಂತೆಯೇ ಸರಿ. ಸಾಧಾರಣ ಮಾಲಿಬುವೇ ಈ ಕೆಲಸಕ್ಕೆ ಯೋಗ್ಯ. ಇದಕ್ಕೆ ಬರುತ್ತಿದ್ದ 350 ಘನ ಅಂಗುಲದ, ಅಂದರೆ 5.7 ಲೀಟರಿನ ಎಂಜಿನು 1955ರಲ್ಲಿ ಹುಟ್ಟಿದ ವಂಶಕ್ಕೆ ಸೇರಿದ್ದು. ಆ ವಂಶದ ಬಿಡಿಭಾಗಗಳು ಒಂದಕ್ಕೊಂದು ಬಹುಮಟ್ಟಿಗೆ ಹೊಂದುತ್ತವೆ, ಈಗಲೂ ಸಿಗುತ್ತವೆ. ಇದರಲ್ಲಿ ಕಂಪ್ಯೂಟರಿಲ್ಲ. ಕಾರ್ಬ್ಯುರೇಟರು, ಡಿಸ್ಟ್ರಿಬ್ಯೂಟರುಗಳನ್ನು ತಿರುಪುಳಿ ಹಿಡಿಯಬಲ್ಲ ಯಾರಾದರೂ ಬಿಚ್ಚಿ ಜೋಡಿಸಬಹುದು.

ಹೊಸದಾಗಿ ಈ ಹವ್ಯಾಸಕ್ಕೆ ಇಳಿದವನು ಮೊದಲು ಕೈ ಹಾಕುವುದು ಎಂಜಿನಿಗೆ. ಆದರೆ ಆರಂಭ ಅಲ್ಲಿಂದಲ್ಲ. ಏಕೆಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ.

ಚಾಲಕನೂ ಸೇರಿ ಕಾರಿನ ತೂಕ ಸುಮಾರು 1600 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಎಂಜಿನು ಮುಂದಿರುವುದರಿಂದ ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ 720 ಕಿಲೋಗ್ರಾಂನಷ್ಟು ಮಾತ್ರ. ನೂಕುವ ಚಕ್ರಗಳಾದರೋ ಹಿಂದಿನವೇ. ಕಾರು ರಭಸದಿಂದ ಹೊರಟಾಗ ಮೂತಿ ಮೇಲೆದ್ದು ಇನ್ನೂ ನೂರು ನೂರೈವತ್ತು ಕಿಲೋಗ್ರಾಂ ಭಾರ ಹಿಂದಕ್ಕೆ ಸರಿಯುತ್ತದೆ. ಸಾಮಾನ್ಯ ಟಯರು ಒಣ ರಸ್ತೆಯಲ್ಲಿ ತನ್ನ ಮೇಲಿನ ಭಾರದ ಶೇಕಡ 80-85ರಷ್ಟು ಬಲವನ್ನು ತಾಳಿಕೊಳ್ಳುತ್ತದೆಂದರೆ, ನೆಲದ ಹಿಡಿತ ಸುಮಾರು 700 ಕಿಲೋಗ್ರಾಂ ಭಾರಕ್ಕೆ ಸಮವಾಯಿತು. ಈಗ ಎಂಜಿನಿನ ಕಡೆಗೆ ಬನ್ನಿ. 1970ರ 300 ಅಶ್ವಶಕ್ತಿಯ ಮಾದರಿಗೆ ಕಂಪೆನಿ ಹೇಳಿದ ತಿರುಗುಬಲ 515 ನ್ಯೂಟನ್ ಮೀಟರು. ಆ ಕಾಲದಲ್ಲಿ ಸೈಲೆನ್ಸರು, ಫ್ಯಾನುಗಳಿಲ್ಲದೆ ಎಂಜಿನನ್ನು ಪೀಠದ ಮೇಲಿಟ್ಟು ಅಳೆಯುತ್ತಿದ್ದುದರಿಂದ ಕಾಲುಭಾಗವನ್ನು ಕಳೆದುಬಿಡೋಣ. ಉಳಿದುದು ಮೊದಲ ಗೇರಿನ 2.52, ಹಿಂದಿನ ಆಕ್ಸಲಿನ 2.73 ಎಂಬ ಅನುಪಾತಗಳಿಂದ ಗುಣಿತವಾಗಿ ಚಕ್ರದ ಅಂಚನ್ನು ಮುಟ್ಟುವಾಗ 800 ಕಿಲೋಗ್ರಾಂ ಭಾರಕ್ಕೆ ಸಮನಾದ ನೂಕುಬಲವಾಗುತ್ತದೆ. ಹಿಡಿತ 700, ನೂಕು 800! ಏನನ್ನೂ ಬದಲಾಯಿಸದ ಕಾರೇ ಪೂರ್ತಿ ಒತ್ತಿದರೆ ನಿಂತಲ್ಲಿ ಚಕ್ರ ತಿರುಗಿಸಿ ಹೊಗೆಯೆಬ್ಬಿಸುತ್ತದೆ. ಇಂಥ ಕಾರಿಗೆ ಇನ್ನಷ್ಟು ಶಕ್ತಿ ತುಂಬಿದರೆ ಆಗುವ ಲಾಭವೇನು? ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ ಹೂತ ಜೀಪಿನ ಆಕ್ಸಿಲರೇಟರನ್ನು ಒತ್ತಿದಷ್ಟೂ ಚಕ್ರ ಕೆಳಗಿಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಆಗ ನಾಲ್ಕು ಜನ ಹಿಂದೆ ಹತ್ತಿ ನಿಲ್ಲುತ್ತಾರೆ, ಚಕ್ರದಡಿಗೆ ಗೋಣಿಚೀಲ ಹಾಸುತ್ತಾರೆ. ಡ್ರ್ಯಾಗ್ ಕಾರಿಗೂ ಮೊದಲು ಮಾಡುವುದು ಇವೆರಡನ್ನೇ.

ಗೋಣಿಯ ಬದಲು ಅಲ್ಲಿ ಸ್ಲಿಕ್ ಎಂಬ ಟಯರು. ಅದರ ಮೈಯಲ್ಲಿ ಗೆರೆಗಳಿಲ್ಲ, ರಬ್ಬರು ಬಹಳ ಮೃದು, ಗಾಳಿಯೂ ಕಡಿಮೆ. ಘರ್ಷಣೆಯು ತಾಗುವ ಮೇಲ್ಮೈಯ ವಿಸ್ತಾರವನ್ನು ಅವಲಂಬಿಸುವುದಿಲ್ಲವೆಂದು ನಮ್ಮ ಪಠ್ಯಪುಸ್ತಕ ಹೇಳುತ್ತದೆ. ಮೆತ್ತನೆಯ ರಬ್ಬರು ಮಾತ್ರ ಈ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಅದು ನೆಲದ ಸಣ್ಣ ಸಣ್ಣ ತಗ್ಗುಗಳಲ್ಲಿ ಇಳಿದು ಅಂಟಿಕೊಳ್ಳುತ್ತದೆ. ಓಟಕ್ಕೆ ಮುಂಚೆ ನೀರಿನ ಮೇಲೆ ಚಕ್ರ ತಿರುಗಿಸಿ ಹೊಗೆ ಎಬ್ಬಿಸುವುದು ಆಡಂಬರಕ್ಕಲ್ಲ, ರಬ್ಬರು ಬಿಸಿಯಾಗಿ ಅಂಟು ಬರಲೆಂದು. ಹಿಂದೆ ಹತ್ತಿ ನಿಲ್ಲುವ ಜನರ ಬದಲಿಗೆ ಬ್ಯಾಟರಿಯನ್ನು ಮುಂದಿನಿಂದ ತೆಗೆದು ಡಿಕ್ಕಿಯ ಬಲಮೂಲೆಯಲ್ಲಿ ಕೂರಿಸುತ್ತಾರೆ. ಬಲಮೂಲೆಯೇ ಏಕೆಂದರೆ, ಎಂಜಿನಿನಿಂದ ಹಿಂದಕ್ಕೆ ಹೋಗುವ ದಂಡದ ತಿರುಚಿಗೆ ಹಿಂದಿನ ಬಲಚಕ್ರವೇ ನೆಲದಿಂದ ಹಗುರಾಗುವುದು. ಆಕ್ಸಲನ್ನು ಹಿಡಿದಿರುವ ಷೆವೆಲಿನ ತೋಳುಗಳು ಬಗ್ಗಿಸಿದ ತಗಡಿನವು. ತೆರೆದ ಬದಿಗೆ ಪಟ್ಟಿ ಬೆಸೆದು ಅವನ್ನು ಪೆಟ್ಟಿಗೆಯಂತೆ ಮುಚ್ಚಿ ಗಟ್ಟಿಮಾಡಬೇಕು.

ಹಿಡಿತ ಸಿಕ್ಕ ಮೇಲೆ ಗೇರು. 26 ಅಂಗುಲ ವ್ಯಾಸದ ಚಕ್ರ ಒಂದು ಸುತ್ತಿಗೆ 2.07 ಮೀಟರು ಸಾಗುತ್ತದೆ. ಗುರಿಯ ಬಳಿ ವೇಗ ಗಂಟೆಗೆ 170 ಕಿಲೋಮೀಟರು ಇದ್ದರೆ ಚಕ್ರ ನಿಮಿಷಕ್ಕೆ ಸುಮಾರು 1370 ಸುತ್ತು. ಕೊನೆಯ ಗೇರಿನಲ್ಲಿ 2.73ರ ಆಕ್ಸಲಿದ್ದರೆ ಎಂಜಿನು 3700 ಸುತ್ತಿನಲ್ಲಿಯೇ ಉಳಿದು, ತನ್ನ ಪೂರ್ಣಶಕ್ತಿಯನ್ನು ತೋರಿಸುವ ಮೊದಲೇ ಓಟ ಮುಗಿಯುತ್ತದೆ. 4.10ರ ಆಕ್ಸಲು ಹಾಕಿದರೆ 5600 ಸುತ್ತು. ಹೊರಡುವಾಗಿನ ನೂಕೂ ಒಂದೂವರೆಪಟ್ಟಾಗುತ್ತದೆ. ಆದರೆ ಈಗ ಚಕ್ರ ಜಾರುವುದಿಲ್ಲವಲ್ಲ, ಪೆಟ್ಟೆಲ್ಲ ಆಕ್ಸಲು ಮತ್ತು ದಂಡದ ಮೇಲೆ! ಜಾರುವ ಟಯರು ಅಷ್ಟುಕಾಲ ಅವುಗಳನ್ನು ಕಾಪಾಡುತ್ತಿತ್ತು. ದಂಡದ ಮುಂದಿನ ಸಂದು ಮುರಿದು ತುದಿ ನೆಲಕ್ಕೆ ನಾಟಿದರೆ ಕಾರು ಗಣೆಯೂರಿ ಜಿಗಿದವನಂತೆ ಮೇಲೇಳಬಹುದು. ಆದಕಾರಣ ದಂಡದ ಸುತ್ತ ಉಕ್ಕಿನ ಬಳೆಯೊಂದನ್ನು ಚೌಕಟ್ಟಿಗೆ ಬಿಗಿಯುವರು. ಬೆಲೆ ಅಲ್ಪ, ಉಳಿಸುವುದು ಪ್ರಾಣವನ್ನು.

ಈಗ ಎಂಜಿನು. ಗಾಳಿ ಸರಾಗವಾಗಿ ಒಳಹೋಗಿ ಹೊಗೆ ಸರಾಗವಾಗಿ ಹೊರಬರುವಂತೆ ಮಾಡುವುದೇ ಇಲ್ಲಿನ ತಂತ್ರ. ಇದಕ್ಕಾಗಿ ದೊಡ್ಡ ಕಾರ್ಬ್ಯುರೇಟರು, ಉದ್ದ ಕೊಳವೆಗಳ ಹೆಡರು, ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ದಂಡ ಬೇಕು. ಆದರೆ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಅಂಥ ಕ್ಯಾಮ್ ಹಾಕಿದಾಗ ಕಡಿಮೆ ಸುತ್ತಿನಲ್ಲಿ ಎಂಜಿನು ಬಡಕಲಾಗುತ್ತದೆ. ಅದು ಎಚ್ಚರಗೊಳ್ಳುವವರೆಗೆ ಹೆಚ್ಚು ಸುತ್ತಲು ಬಿಡುವ ಟಾರ್ಕ್ ಕನ್ವರ್ಟರು ಬೇಕಾಗುತ್ತದೆ. ಒಳಗಿನ ನಿರ್ವಾತವೂ ಕುಗ್ಗುವುದರಿಂದ, ನಿರ್ವಾತದಿಂದ ನಡೆಯುವ ಪವರ್ ಬ್ರೇಕು ದುರ್ಬಲವಾಗುತ್ತದೆ. ವೇಗ ಹೆಚ್ಚಿಸಲು ಹೋದವನು ತಿಳಿಯದೆ ಬ್ರೇಕನ್ನು ಕಳೆದುಕೊಂಡಂತೆ! ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟೆಂಬುದನ್ನು ನೆನಪಿಡಿ. ಆ ಕಾಲದ ಅನೇಕ ಮಾಲಿಬುಗಳಿಗೆ ನಾಲ್ಕೂ ಡ್ರಮ್ ಬ್ರೇಕುಗಳು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಕೂರಿಸುವುದು ಕ್ಯಾಮಿಗಿಂತ ಮೊದಲಿನ ಕೆಲಸ.

ಇಷ್ಟೆಲ್ಲ ಮಾಡಿದರೆ ಸಿಗುವುದೆಷ್ಟು? ಹವ್ಯಾಸಿಗಳು ಬಳಸುವ ಒಂದು ಅಂದಾಜು ಸೂತ್ರವುಂಟು. ಪೌಂಡಿನಲ್ಲಿರುವ ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ, ಘನಮೂಲ ತೆಗೆದು, 5.825ರಿಂದ ಗುಣಿಸಿದರೆ ಕಾಲು ಮೈಲಿನ ಸೆಕೆಂಡುಗಳು. 3600 ಪೌಂಡಿನ ಕಾರಿಗೆ 200 ಅಶ್ವಶಕ್ತಿಯಿದ್ದರೆ 15.3 ಸೆಕೆಂಡು, 400 ಇದ್ದರೆ 12.1. ಶಕ್ತಿಯನ್ನು ಇಮ್ಮಡಿಗೊಳಿಸಿ ಗಳಿಸಿದ್ದು ಬರೀ ಮೂರು ಸೆಕೆಂಡು! ಆ ಮೂರು ಸೆಕೆಂಡಿಗೆ ನಿಯಮಗಳೂ ಬೆನ್ನುಹತ್ತುತ್ತವೆ. ಸಂಸ್ಥೆಯ ನಿಯಮದಂತೆ 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವ ಕಾರಿನವನಿಗೆ ಹೆಲ್ಮೆಟ್ಟು ಕಡ್ಡಾಯ. ಇಂಥ ಹಳೆಯ ಕಾರು 11.49ಕ್ಕೆ ಇಳಿದರೆ ಒಳಗೆ ಉಕ್ಕಿನ ಕೊಳವೆಯ ಕಮಾನು ಬೇಕೇ ಬೇಕು. ಗರಾಜಿನಲ್ಲಿಯೂ ಒಂದು ನಿಯಮವುಂಟು: ಬರೀ ಜಾಕಿನ ಮೇಲೆ ಎತ್ತಿದ ಕಾರಿನಡಿಗೆ ತಲೆ ಹಾಕಬಾರದು, ಉಕ್ಕಿನ ಆಧಾರಗಳನ್ನು ಕೊಟ್ಟ ಮೇಲೆಯೇ ನುಸುಳಬೇಕು.

ಹೀಗಿರಲಾಗಿ ಹಣವಂತನೇ ಸದಾ ಗೆಲ್ಲುವನೇ ಎಂಬ ಪ್ರಶ್ನೆ ಏಳುವುದು ಸಹಜ. ಹವ್ಯಾಸಿಗಳು ಹೆಚ್ಚಾಗಿ ಭಾಗವಹಿಸುವ ಬ್ರಾಕೆಟ್ ಪಂದ್ಯದಲ್ಲಿ ಹಾಗಿಲ್ಲ. ಓಡುವ ಮೊದಲು ಪ್ರತಿಯೊಬ್ಬನೂ ತನ್ನ ಕಾರು ಎಷ್ಟು ಸೆಕೆಂಡು ತೆಗೆದುಕೊಳ್ಳುವುದೆಂದು ಸಾರಿ ಗಾಜಿನ ಮೇಲೆ ಬರೆಯುತ್ತಾನೆ. ಒಬ್ಬ 12.10, ಇನ್ನೊಬ್ಬ 15.30 ಎಂದು ಬರೆದರೆ ನಿಧಾನದವನಿಗೆ 3.20 ಸೆಕೆಂಡು ಮೊದಲೇ ಹಸಿರು ದೀಪ. ಹೇಳಿದ್ದಕ್ಕಿಂತ ಬೇಗ ಓಡಿದವನು ಸೋಲುತ್ತಾನೆ, ಇಬ್ಬರೂ ಹಾಗೆಯೇ ಓಡಿದರೆ ಹೆಚ್ಚು ಮೀರಿದವನು. ಆದುದರಿಂದ ಅಲ್ಲಿ ಬೇಕಾದುದು ಪ್ರತಿಸಲವೂ ಒಂದೇ ರೀತಿ ಓಡುವ ಕಾರು. ಪ್ರತಿ ಓಟದ ನಂತರ ಮೊದಲ 60 ಅಡಿಗೆ ಎಷ್ಟು, ಅರ್ಧ ದಾರಿಗೆ ಎಷ್ಟು ಎಂದು ಮುದ್ರಿಸಿದ ಚೀಟಿಯನ್ನು ಕೊಡುತ್ತಾರೆ. ಜಾಣನಾದವನು ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಿ, ಟಯರಿನ ಗಾಳಿ, ಹವೆಯ ಬಿಸಿ, ಚೀಟಿಯ ಅಂಕಿಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಅಂಥ ಪುಸ್ತಕವಿರುವ 15 ಸೆಕೆಂಡಿನ ಮಾಲಿಬು, ಲೆಕ್ಕವಿಡದ 12 ಸೆಕೆಂಡಿನ ಕಾರನ್ನು ಸೋಲಿಸಿ ಬಹುಮಾನದೊಂದಿಗೆ ಮನೆಗೆ ಮರಳುವುದುಂಟು.