ಫೈಬರ್ ದೋಣಿಯ ತಳದಲ್ಲಿ ಅಡಗಿರುವ ನಷ್ಟ

ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳಿಗೂ, ಅವುಗಳ ಗ್ರಾಮಗಳನ್ನು ಸೇರಿಸಿ ರಚನೆಯಾದ ಕಡಬ ತಾಲ್ಲೂಕಿಗೂ ಕಡಲ ಕಿನಾರೆಯಿಲ್ಲ. ಸುಬ್ರಹ್ಮಣ್ಯದ ಬದಿಯಿಂದ ಹರಿದು ಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಅಳಿವೆಯನ್ನು ತಲುಪುತ್ತದೆ. ದೋಣಿಗಳ ಉದ್ಯಮವೇನಿದ್ದರೂ ಅಲ್ಲಿಯದು, ಮತ್ತು ಅಲ್ಲಿಂದ ಉತ್ತರಕ್ಕೆ ಮಲ್ಪೆಯದು. ಆದರೆ ಹಳೆಯ ಫೈಬರ್ ದೋಣಿಯೊಂದರ ದುರಸ್ತಿಗೆ ಬೇಕಾಗುವ ಮರ, ಪ್ಲೈವುಡ್, ರೆಸಿನ್, ಗಾಜಿನ ನಾರಿನ ಮ್ಯಾಟ್, ತುಕ್ಕು ಹಿಡಿಯದ ಸ್ಕ್ರೂಗಳು ಈ ಮೂರು ತಾಲ್ಲೂಕುಗಳ ಮರದ ಮಿಲ್ಲು ಮತ್ತು ಹಾರ್ಡ್‌ವೇರ್ ಮಳಿಗೆಗಳು ಬಲ್ಲ ಸರಕುಗಳೇ ಆಗಿವೆ. ನೀರಿನ ತೊಟ್ಟಿ, ಬಾಗಿಲು, ಮೇಲ್ಛಾವಣಿ ಹಾಳೆಗಳನ್ನು ಫೈಬರಿನಲ್ಲಿ ತಯಾರಿಸುವ ಕಿರು ಉದ್ದಿಮೆದಾರನಿಗೂ ಈ ಕೆಲಸದ ಕೈಚಳಕ ಅಪರಿಚಿತವಲ್ಲ. ಆದುದರಿಂದ ಈ ದುರಸ್ತಿಯ ತಂತ್ರವನ್ನೂ ಅದರ ಲೆಕ್ಕವನ್ನೂ ಇಲ್ಲಿನ ವರ್ತಕರು ತಿಳಿದಿರುವುದು ಪ್ರಯೋಜನಕರ.

ಕೊಳೆಯುವುದು ಫೈಬರ್ ಅಲ್ಲ

ಫೈಬರ್ ದೋಣಿ ಕೊಳೆಯುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ. ಗಾಜಿನ ನಾರು ಮತ್ತು ರೆಸಿನ್‌ನ ಹೊರ ಒಡಲು ಹಲವು ದಶಕ ಬಾಳಬಲ್ಲದು. ಆದರೆ ಆ ಒಡಲಿಗೆ ಬಿಗಿತ ನೀಡುವುದು ಅದರ ತಳದಲ್ಲಿ ಮೂತಿಯಿಂದ ಹಿಂಬದಿಯವರೆಗೆ ಹಾಯುವ ಉದ್ದ ತೊಲೆಗಳು. ಕೆಲಸಗಾರರು ಇವನ್ನು ಸ್ಟ್ರಿಂಗರ್ ಎನ್ನುತ್ತಾರೆ. ಹಳೆಯ ದೋಣಿಗಳಲ್ಲಿ ಇವು ಸಾಮಾನ್ಯವಾಗಿ ಮರ ಅಥವಾ ಪ್ಲೈವುಡ್‌ನವು; ಮೇಲೆ ತೆಳುವಾದ ಫೈಬರ್ ಹೊದಿಕೆ ಇರುತ್ತದೆ. ಅವುಗಳ ಮೇಲೆ ಪ್ಲೈವುಡ್ ನೆಲ ಕೂರುತ್ತದೆ.

ಕಡಲ ಉಪ್ಪುನೀರು ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಹಿತವಲ್ಲ. ಸಿಹಿನೀರು, ಅಂದರೆ ಮಳೆನೀರು, ಅದಕ್ಕೆ ಹಿತ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಜಿಲ್ಲೆಯಲ್ಲಿ ದಡಕ್ಕೆಳೆದು ಮುಚ್ಚದೆ ಬಿಟ್ಟ ದೋಣಿಗೆ ಆಪತ್ತು ಬರುವುದು ಆಕಾಶದಿಂದಲೇ. ಆಸನ, ಬಲೆಯ ಕೊಂಡಿ, ಇಂಜಿನ್ ಪೀಠ ಇತ್ಯಾದಿಗಳಿಗಾಗಿ ಕೊರೆದ ರಂಧ್ರಕ್ಕೆ ಸೀಲು ಹಾಕದಿದ್ದರೆ ನೀರು ಅದರ ಮೂಲಕ ಮರದೊಳಕ್ಕೆ ಇಳಿಯುತ್ತದೆ. ಹೊರಗಿನ ಫೈಬರ್ ಹೊದಿಕೆ ಆ ನೀರನ್ನು ಆರಲು ಬಿಡದು. ಮರದ ತೇವಾಂಶ ಶೇಕಡಾ 20ನ್ನು ಮೀರಿ ಅಲ್ಲಿಯೇ ನಿಂತರೆ ಕೊಳೆತ ಆರಂಭವಾಗುತ್ತದೆ. ಹೊರಗೆ ಹೊಳಪು ಉಳಿದಿರುವಂತೆಯೇ ಒಳಗೆ ತೊಲೆ ಹಸಿ ಹಿಂಡಿಯಂತಾಗುತ್ತದೆ.

ಇಂತಹ ದೋಣಿಯಲ್ಲಿ ಅಲೆಯ ಹೊಡೆತವನ್ನು ತೊಲೆ ಹೊರುವುದಿಲ್ಲ. ಒಡಲಿನ ತೆಳು ಹಾಳೆಯೇ ಹೊರಬೇಕಾಗುತ್ತದೆ. ಅದು ಬಾಗಿ ಬಾಗಿ ಬಿರುಕು ಬಿಡುತ್ತದೆ, ಇಂಜಿನ್ ಪೀಠ ಸಡಿಲಗೊಳ್ಳುತ್ತದೆ. ದಡದಿಂದ ದೂರದಲ್ಲಿ ಹೀಗಾದರೆ ಪಣಕ್ಕಿರುವುದು ದೋಣಿಯೊಂದೇ ಅಲ್ಲ, ಅದರಲ್ಲಿರುವವರ ಪ್ರಾಣವೂ ಹೌದು.

ಅಂದಾಜು ಪಟ್ಟಿಗೆ ಮುನ್ನ ಪರೀಕ್ಷೆ

ನೆಲದ ಮೇಲೆ ನಡೆದಾಗ ಕಾಲು ತಗ್ಗುವುದು ಮೊದಲ ಸೂಚನೆ. ಸಣ್ಣ ಸುತ್ತಿಗೆಯಿಂದ ಬಡಿದಾಗ ಗಟ್ಟಿ ಮರ ಖಣಖಣ ಎನ್ನುತ್ತದೆ, ಕೊಳೆತ ಮರ ಮಂದವಾಗಿ ಸದ್ದು ಮಾಡುತ್ತದೆ. ಖಚಿತಪಡಿಸಿಕೊಳ್ಳಲು ತೊಲೆಯ ಪಕ್ಕದಲ್ಲಿ ಸಣ್ಣ ರಂಧ್ರ ಕೊರೆದು ಹೊರಬರುವ ಪುಡಿಯನ್ನು ನೋಡಬೇಕು. ಒಣಗಿದ ತಿಳಿಬಣ್ಣದ ಸಿಪ್ಪೆ ಬಂದರೆ ಭಯವಿಲ್ಲ. ಕಪ್ಪಾದ ಒದ್ದೆ ಮುದ್ದೆ ಬಂದರೆ ಕೊಳೆತ ನಿಶ್ಚಯ. ಕೊರೆದ ರಂಧ್ರಗಳನ್ನು ಅಂದೇ ಮುಚ್ಚತಕ್ಕದ್ದು. ಹಿಂಬದಿಯಲ್ಲಿ ಇಂಜಿನ್ ತೂಗುವ ಹಲಗೆಯನ್ನೂ ಇದೇ ರೀತಿ ಪರೀಕ್ಷಿಸಬೇಕು, ಏಕೆಂದರೆ ತೊಲೆ ಕೊಳೆತಲ್ಲಿ ಅದು ಗಟ್ಟಿಯಾಗಿ ಉಳಿದಿರುವುದು ಅಪರೂಪ.

ಇಲ್ಲಿಯೇ ಬಹುತೇಕ ವ್ಯವಹಾರಗಳು ದಾರಿ ತಪ್ಪುತ್ತವೆ. ಮಾಲೀಕನು ಕಣ್ಣಿಗೆ ಕಾಣುವ ನೆಲಕ್ಕಷ್ಟೇ ದರ ಕೇಳುತ್ತಾನೆ, ಕೆಲಸಗಾರನೂ ನೆಲಕ್ಕಷ್ಟೇ ದರ ಹೇಳುತ್ತಾನೆ. ನೆಲವನ್ನು ಬಿಚ್ಚಿದ ಮೇಲೆ ತೊಲೆಯ ಸ್ಥಿತಿ ಬಯಲಾಗಿ, ಹೆಚ್ಚಿನ ಮೊತ್ತದ ಬಗ್ಗೆ ಜಗಳ ಹುಟ್ಟುತ್ತದೆ. ಇಲ್ಲವೇ ಕೊಳೆತ ತೊಲೆಯ ಮೇಲೆಯೇ ಹೊಸ ನೆಲ ಕೂರುತ್ತದೆ.

ಉದಾಹರಣೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ನೆಲವನ್ನಷ್ಟೇ ಬದಲಿಸಲು 60,000 ರೂಪಾಯಿ. ಅದು 3 ವರ್ಷ ಬಾಳಿಕೆ ಬರುತ್ತದೆ. ತೊಲೆ ಸಹಿತ ಬದಲಿಸಲು 1,50,000 ರೂಪಾಯಿ. ಅದು 10 ವರ್ಷ ಬಾಳುತ್ತದೆ. ವಾರ್ಷಿಕ ವೆಚ್ಚ ಮೊದಲನೆಯದರಲ್ಲಿ 20,000, ಎರಡನೆಯದರಲ್ಲಿ 15,000. ಅಷ್ಟೇ ಅಲ್ಲ, 3 ವರ್ಷದ ಬಳಿಕ ತೊಲೆ ಬದಲಿಸಲು ಹೊರಟಾಗ ಹೊಸ ನೆಲವನ್ನೇ ಕತ್ತರಿಸಿ ಎಸೆಯಬೇಕಾಗುವುದರಿಂದ ಒಟ್ಟು ಖರ್ಚು 2,10,000ಕ್ಕೆ ಏರುತ್ತದೆ. ಎರಡು ಬಾರಿ ದೋಣಿ ದಡದಲ್ಲಿ ನಿಂತ ದಿನಗಳ ನಷ್ಟ ಇದಕ್ಕೆ ಹೊರತು. ಅಗ್ಗದ ದುರಸ್ತಿಯೇ ದುಬಾರಿಯಾಗುವುದು ಹೀಗೆ. ಇನ್ನು ಹೊರ ಒಡಲಿನಲ್ಲಿಯೇ ಪದರಗಳು ಬಿಟ್ಟುಕೊಂಡಿದ್ದರೆ ತೊಲೆಗೆ ಹಣ ಹೂಡುವುದು ವ್ಯರ್ಥ. ಆಗ ಹೊಸ ದೋಣಿಯ ಯೋಚನೆಯೇ ಸರಿ.

ಕೆಲಸದ ಕ್ರಮ

ತೊಲೆಗಳನ್ನು ಕತ್ತರಿಸುವ ಮುನ್ನ ಒಡಲಿಗೆ ಅದರ ಆಕಾರಕ್ಕೆ ಹೊಂದುವ ಆಧಾರಗಳನ್ನು ಕೆಳಗಿನಿಂದ ಹಲವು ಕಡೆ ಕೊಡಬೇಕು. ಆಧಾರವಿಲ್ಲದೆ ತೊಲೆ ತೆಗೆದರೆ ಒಡಲು ತನ್ನ ಭಾರಕ್ಕೇ ಜೋಲುತ್ತದೆ, ಆ ವಕ್ರತೆಯ ಮೇಲೆಯೇ ಹೊಸ ತೊಲೆ ಕೂತರೆ ಮುಂದೆ ಸರಿಪಡಿಸಲಾಗದು. ಹಳೆಯ ತೊಲೆಗಳ ಸ್ಥಾನ, ಎತ್ತರ, ಪರಸ್ಪರ ಅಂತರಗಳನ್ನು ಅಳೆದು ಗುರುತಿಸಿ ಛಾಯಾಚಿತ್ರ ತೆಗೆದಿಡಬೇಕು.

ನೆಲವನ್ನು ಅಂಚಿನಲ್ಲಿ ಎರಡು ಮೂರು ಅಂಗುಲ ಬಿಟ್ಟು ಕತ್ತರಿಸಿದರೆ, ಉಳಿದ ಅಂಚು ಗಟ್ಟಿಯಿದ್ದಲ್ಲಿ ಹೊಸ ನೆಲಕ್ಕೆ ಅಳತೆಯಾಗುತ್ತದೆ. ನೀರು ಕುಡಿದ ಫೋಮನ್ನು ಪೂರ್ಣವಾಗಿ ಹೊರಹಾಕಬೇಕು. ತೊಲೆ ತೆಗೆದ ಜಾಗವನ್ನು ಮೊದಲು ಅಸಿಟೋನಿನಿಂದ ಒರೆಸಿ ಎಣ್ಣೆಯ ಅಂಶ ತೆಗೆದು, ಬಳಿಕ ಹಳೆಯ ಗಟ್ಟಿ ಫೈಬರ್ ಕಾಣುವವರೆಗೆ ಉಜ್ಜಬೇಕು. ಈ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿಯಾದುದರಿಂದ ತಕ್ಕ ಮುಖಕವಚ ಕಡ್ಡಾಯವಾಗಿರಬೇಕು.

ಹೊಸ ತೊಲೆಯನ್ನು ಒಡಲಿನ ಬಾಗಿಗೆ ಹೊಂದುವಂತೆ ಕತ್ತರಿಸಿ, ಕೂರಿಸುವ ಮುನ್ನವೇ ಎಲ್ಲ ಬದಿಗೂ, ವಿಶೇಷವಾಗಿ ತುದಿಗಳಿಗೆ, ರೆಸಿನ್ ಲೇಪಿಸಬೇಕು. ಬರಿಯ ಮರ ಒಡಲಿಗೆ ನೇರವಾಗಿ ತಾಗದೆ ದಪ್ಪಗೊಳಿಸಿದ ರೆಸಿನ್ ಹಾಸಿನ ಮೇಲೆ ಕೂರಬೇಕು. ಇಲ್ಲವಾದರೆ ಅಲೆಯ ಪೆಟ್ಟು ಒಂದೇ ಬಿಂದುವಿಗೆ ಬಿದ್ದು ಒಡಲು ಸೀಳುತ್ತದೆ. ಮೂಲೆಯನ್ನು ಅದೇ ರೆಸಿನ್‌ನಿಂದ ದುಂಡಗೆ ತುಂಬಿ, ಮೇಲೆ ನಾರಿನ ಬಟ್ಟೆಯನ್ನು ಪದರ ಪದರವಾಗಿ, ಪ್ರತಿ ಪದರವೂ ಹಿಂದಿನದಕ್ಕಿಂತ ಅಗಲವಾಗಿರುವಂತೆ ಹಾಕುವುದು ಕ್ರಮ. ನೀರು ಹಿಂದಕ್ಕೆ ಹರಿದು ಹೋಗಲು ತೊಲೆಗಳ ನಡುವೆ ದಾರಿ ಬಿಟ್ಟು, ಆ ದಾರಿಯ ಅಂಚುಗಳನ್ನೂ ಲೇಪಿಸಬೇಕು. ಹೊಸ ನೆಲದ ಅಡಿಭಾಗಕ್ಕೆ ಲೇಪವಿಲ್ಲದಿದ್ದರೆ ಉಳಿದ ಶ್ರಮವೆಲ್ಲ ನಿಷ್ಫಲ. ಮುಂದೆ ಸ್ಕ್ರೂ ಹಾಕುವಲ್ಲೆಲ್ಲ ರಂಧ್ರವನ್ನು ಹಿರಿದಾಗಿ ಕೊರೆದು, ಎಪಾಕ್ಸಿ ತುಂಬಿ, ಅದರೊಳಗೆ ಪುನಃ ಕೊರೆಯುವುದು ದೀರ್ಘ ಬಾಳಿಕೆಯ ಗುಟ್ಟು.

ಸರಕಿನ ಆಯ್ಕೆ

ವರ್ತಕನ ಹೊಣೆ ಇಲ್ಲಿ ದೊಡ್ಡದು. ಹಡಗು ದೋಣಿಗಳ ಪ್ಲೈವುಡ್‌ಗೆ ಭಾರತೀಯ ಮಾನಕ ಐಎಸ್ 710. ಇದರ ಅಂಟು 72 ತಾಸು ಕುದಿಸಿದರೂ ಬಿಡಬಾರದು. ತೇವ ನಿರೋಧಕ ಎಂಬ ಸಾಮಾನ್ಯ ದರ್ಜೆ ಪೀಠೋಪಕರಣಕ್ಕೆ ಯೋಗ್ಯ, ದೋಣಿಗಲ್ಲ. ಫೈಬರಿನ ಒಳಗೆ ಸೇರಿದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಅಂತರ ತಿಳಿಯುವುದು ವರ್ಷಗಳ ನಂತರ. ಆದ್ದರಿಂದ ಬಿಲ್ಲಿನಲ್ಲಿ ಮಾನಕದ ಸಂಖ್ಯೆ ಹಾಗೂ ಹಾಳೆಯ ಮೇಲಿನ ಪರವಾನಗಿ ಸಂಖ್ಯೆಯನ್ನು ನಮೂದಿಸುವುದು ಮಾರುವವನಿಗೂ ಕೊಳ್ಳುವವನಿಗೂ ರಕ್ಷೆ.

ಮರದಲ್ಲಿ ಪಶ್ಚಿಮ ಘಟ್ಟದ ಹೆಬ್ಬಲಸು ದೋಣಿ ಕಟ್ಟುವುದಕ್ಕೆ ಹಿಂದಿನಿಂದಲೂ ಹೆಸರಾದದ್ದು. ಮರವನ್ನು ಸಾಗಿಸುವಾಗ ಅರಣ್ಯ ಇಲಾಖೆಯ ರಹದಾರಿಯ ನಿಯಮಗಳನ್ನು ಪಾಲಿಸಬೇಕು. ಈ ಭಾಗದಲ್ಲಿ ರಬ್ಬರ್ ಮರವೂ ದೊರಕುತ್ತದೆ. 1964ರ ಭಾರತ–ಶ್ರೀಲಂಕಾ ಒಪ್ಪಂದದ ಬಳಿಕ ಬಂದ ತಮಿಳು ಕುಟುಂಬಗಳಿಗೆ ಉದ್ಯೋಗ ನೀಡಿದ, ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಸುಳ್ಯ ಮತ್ತು ಪುತ್ತೂರು ಭಾಗದವರಿಗೆ ಪರಿಚಿತ. ಸಂಸ್ಕರಿಸದ ರಬ್ಬರ್ ಮರ ಬಹುಬೇಗ ಕೊಳೆಯುವುದರಿಂದ ಅದು ತೊಲೆಗೆ ಸಲ್ಲದು. ಆದರೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ರಕ್ಷಕ ರಾಸಾಯನಿಕಗಳಿಂದ ಸಂಸ್ಕರಿಸಿದ ರಬ್ಬರ್ ಮರಕ್ಕೆ ಫೈಬರ್ ಹೊದಿಸಿ ಸಣ್ಣ ದೋಣಿಗಳನ್ನೇ ನಿರ್ಮಿಸಿ ತೋರಿಸಿದೆ. ಶ್ರೇಷ್ಠ ಜಾತಿಯ ಮರ ದುರ್ಲಭವಾಗುತ್ತಿರುವಾಗ ಮರ ಸಂಸ್ಕರಣಾ ಘಟಕ ಹೊಂದುವವರಿಗೆ ಇದರಲ್ಲಿ ಒಂದು ಅವಕಾಶವಿದೆ.

ರೆಸಿನ್ ವಿಷಯದಲ್ಲಿಯೂ ಎಚ್ಚರ ಅಗತ್ಯ. ಪಾಲಿಯೆಸ್ಟರ್ ರೆಸಿನ್ ಅಗ್ಗ. ಎಪಾಕ್ಸಿ ದುಬಾರಿಯಾದರೂ ಮರಕ್ಕೆ ಮತ್ತು ಹಳೆಯ ಫೈಬರಿಗೆ ಬಿಗಿಯಾಗಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯದ ಕಾರಣ ಎರಡನ್ನೂ ಬೆರಕೆ ಮಾಡಬಾರದು. ಪಾಲಿಯೆಸ್ಟರ್‌ಗೆ ಬಳಸುವ ಕೆಟಲಿಸ್ಟ್ ಮತ್ತು ಕೋಬಾಲ್ಟ್ ದ್ರಾವಣಗಳನ್ನು ಪರಸ್ಪರ ನೇರವಾಗಿ ಬೆರೆಸಿದರೆ ಸ್ಫೋಟವಾಗುವ ಸಂಭವವಿದೆ. ಅಂಗಡಿಯ ಕಪಾಟಿನಲ್ಲಿಯೂ ಅವು ಅಕ್ಕಪಕ್ಕ ಇರಬಾರದು.

ಮಳೆಗಾಲದ ಇಕ್ಕಟ್ಟು

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುವುದರಿಂದ ದುರಸ್ತಿಗೆ ಬಿಡುವು ಸಿಗುವುದು ಆಗಲೇ. ಆದರೆ ಮರ ಒಣಗದಿರುವುದೂ, ರೆಸಿನ್ ಸರಿಯಾಗಿ ಗಟ್ಟಿಯಾಗದಿರುವುದೂ ಅದೇ ತಿಂಗಳುಗಳಲ್ಲಿ. ಶೇಕಡಾ 15ಕ್ಕಿಂತ ಹೆಚ್ಚು ತೇವಾಂಶವಿರುವ ಮರವನ್ನು ಫೈಬರಿನೊಳಗೆ ಮುಚ್ಚುವುದೆಂದರೆ ಕೊಳೆತವನ್ನು ಮುಚ್ಚಿಟ್ಟಂತೆಯೇ ಸರಿ. ಮರವನ್ನು ಬೇಸಿಗೆಯಲ್ಲಿಯೇ ಕೊಂಡು ಒಣಗಿಸಿಡುವುದು, ಬಿಚ್ಚುವ ಕೆಲಸವನ್ನು ಮಳೆಯಲ್ಲಿ ಮುಗಿಸಿದರೂ ಕೂರಿಸುವ ಕೆಲಸವನ್ನು ಪೂರ್ಣ ಮುಚ್ಚಿದ ಚಪ್ಪರದೊಳಗೆ ಒಣಹವೆಯ ದಿನಗಳಲ್ಲಿ ಮಾಡುವುದು, ಇವೆರಡೇ ಇದಕ್ಕೆ ಪರಿಹಾರ. ಏಪ್ರಿಲ್‌ನಲ್ಲಿಯೇ ಬೇಡಿಕೆ ಪಡೆದು ಒಣಮರವನ್ನು ಸಿದ್ಧವಾಗಿಡುವ ವರ್ತಕನು ಇಬ್ಬರಿಗೂ ಉಪಕಾರಿ.

ಲೆಕ್ಕಪತ್ರದಲ್ಲಿ

1961ರ ಆದಾಯ ತೆರಿಗೆ ಕಾಯಿದೆಯ 31ನೇ ಕಲಮು ಯಂತ್ರ ಸ್ಥಾವರಗಳ ಚಾಲ್ತಿ ದುರಸ್ತಿಗೆ ವಿನಾಯಿತಿ ನೀಡಿತು. ಆ ಕಾಯಿದೆಯ ವ್ಯಾಖ್ಯೆಯಲ್ಲಿ ಹಡಗುಗಳೂ ಸ್ಥಾವರದಲ್ಲಿ ಸೇರಿದ್ದವು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ಖರ್ಚು ಮಾತ್ರ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ಖರ್ಚು ಅಲ್ಲ ಎಂಬ ತತ್ತ್ವವನ್ನು ಹೇಳಿತು. 2026ರ ಏಪ್ರಿಲ್ 1ರ ಜಾರಿ ದಿನಾಂಕ ಹೊಂದಿದ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ಈ ಭೇದವನ್ನು ಮರೆಯುವಂತಿಲ್ಲ. ಇದ್ದ ತೊಲೆಯ ಸ್ಥಾನದಲ್ಲಿ ಅಂತಹದೇ ತೊಲೆ ಕೂರಿಸಿದರೆ ಅದು ದುರಸ್ತಿಯೆಂದು ವಾದಿಸಬಹುದು. ಅದೇ ಸಂದರ್ಭದಲ್ಲಿ ದೋಣಿಯನ್ನು ಉದ್ದ ಮಾಡಿದರೆ ಅಥವಾ ಹೆಚ್ಚಿನ ಶಕ್ತಿಯ ಇಂಜಿನ್‌ಗಾಗಿ ಪೀಠ ವಿಸ್ತರಿಸಿದರೆ ಆ ಭಾಗ ಬಂಡವಾಳ ವೆಚ್ಚವಾಗುತ್ತದೆ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸದೆ ಪ್ರತ್ಯೇಕ ಬಿಲ್ಲು ಪಡೆಯುವುದು ಲೇಸು.

ಹಡಗು ದೋಣಿಗಳ ದುರಸ್ತಿ ಸೇವೆಯ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2021ರ ಜೂನ್ 2ರಿಂದ ಶೇಕಡಾ 18ರಿಂದ 5ಕ್ಕೆ ಇಳಿಸಲಾಯಿತು. ಗುತ್ತಿಗೆ ಬರೆಯುವ ಮುನ್ನ ಪ್ರಚಲಿತ ದರವನ್ನು ನೋಡಿಕೊಳ್ಳಬೇಕು. ಒಬ್ಬನಿಗೆ ಒಂದು ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಪಾವತಿಸಿದರೆ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಸಲ್ಲದು ಎಂಬುದನ್ನು ಬಡಗಿ, ಫೈಬರ್ ಕೆಲಸಗಾರರ ಮಜೂರಿ ಕೊಡುವಾಗ ನೆನಪಿಡಬೇಕು. ವಿಮೆಯ ಆಸೆಯೂ ಇಲ್ಲಿ ನಡೆಯದು. ನಿಧಾನವಾಗಿ ಆಗುವ ಸವಕಳಿ ಮತ್ತು ಕೊಳೆತವನ್ನು ಸಾಮಾನ್ಯವಾಗಿ ಪಾಲಿಸಿಗಳು ಹೊರಗಿಡುತ್ತವೆ.

ಒಪ್ಪಂದದಲ್ಲಿ ಎರಡು ಹಂತಗಳಿರಲಿ: ನೆಲ ಬಿಚ್ಚಿ ಪರೀಕ್ಷಿಸುವುದಕ್ಕೆ ಒಂದು ನಿಗದಿತ ಮೊತ್ತ, ಆ ಬಳಿಕ ಇಬ್ಬರೂ ಕಣ್ಣಾರೆ ಕಂಡು ಒಪ್ಪಿದ ಅಂದಾಜು. ತೊಲೆ ಕೂರಿಸಿದ ನಂತರ, ನೆಲ ಮುಚ್ಚುವ ಮುನ್ನ, ಮಾಲೀಕನು ಬಂದು ನೋಡಿ ಸಹಿ ಹಾಕಿದ ಮೇಲೆಯೇ ಮುಂದಿನ ಕಂತು ಪಾವತಿಯಾಗಲಿ. ನೆಲ ಮುಚ್ಚಿದ ಬಳಿಕ ಒಳಗಿನ ಸರಕನ್ನು ಯಾರೂ ನೋಡಲಾರರು. ಆಗ ಉಳಿಯುವುದು ಕಾಗದದ ಮೇಲಿನ ದಾಖಲೆ ಮತ್ತು ಮಾರಿದವನ ಹೆಸರು ಮಾತ್ರ.