ಹಸಿರು ಶಾಲಿಗೆ ಬಿದ್ದ ಮತಗಳು

1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಬಹುರಾಷ್ಟ್ರೀಯ ಕಾರ್ಗಿಲ್ ಕಂಪನಿ ಕಟ್ಟಿಸುತ್ತಿದ್ದ ಬೀಜ ಸಂಸ್ಕರಣಾ ಘಟಕವನ್ನು ಹಸಿರು ಶಾಲಿನ ರೈತಸಂಘದವರು ನೆಲಸಮ ಮಾಡಿದರು. ಬೀಜ ರೈತನದು, ಕಂಪನಿಯದಲ್ಲ ಎಂಬುದು ಅವರ ವಾದ. 1998ರ ನವೆಂಬರಿನಲ್ಲಿ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಕಂಪನಿಯ ಪ್ರಯೋಗಕ್ಕೆ ಬೆಳೆದಿದ್ದ ಕುಲಾಂತರಿ ಬಿಟಿ ಹತ್ತಿಯನ್ನು ಕಿತ್ತು ಸುಟ್ಟರು. ಹತ್ತಿ, ಮೆಣಸಿನಕಾಯಿ ಬೆಳೆಯುವ ಸಿರುಗುಪ್ಪ, ಕುರುಗೋಡು ಸೀಮೆಗೆ ಇದು ದೂರದ ಊರಿನ ಸುದ್ದಿಯಾಗಿರಲಿಲ್ಲ. ಆದರೂ ಬಳ್ಳಾರಿ ನಗರದ ಬ್ರೂಸ್‌ಪೇಟೆಯಿಂದ ಸಿರುಗುಪ್ಪದವರೆಗೆ ವಿಧಾನಸಭೆಯ ಒಂದು ಸೀಟೂ ರೈತಸಂಘಕ್ಕೆ ದಕ್ಕಿಲ್ಲ.

1980ರ ನರಗುಂದ ಗೋಲಿಬಾರಿನ ನಂತರ ಹುಟ್ಟಿದ ಕರ್ನಾಟಕ ರಾಜ್ಯ ರೈತಸಂಘವನ್ನು ಪರಿಸರವಾದಿ ಎಂದು ಕರೆದವರು ಕಡಿಮೆ. ಆದರೆ 1983ರಲ್ಲೇ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಅಲ್ಲಿ ಹುಣಸೆ, ಮಾವಿನ ಬೀಜ ಊರಿದ್ದರು. ನೀರು, ಬೀಜ, ಮರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಸಂಘಟನೆ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಮತದ ಲೆಕ್ಕವೇ ಬೇರೆ. 1989ರಲ್ಲಿ ರೈತಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದರು. ಒಂದನ್ನು ಬಿಟ್ಟುಕೊಟ್ಟಾಗ ಉಪಚುನಾವಣೆಯಲ್ಲಿ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಸದನಕ್ಕೆ ಬಂದರು. ಮುಂದೆ ಪಾಟೀಲರು ಬಿಜೆಪಿ ಸೇರಿ, 1998ರಲ್ಲಿ ಬೆಳಗಾವಿಯ ಸಂಸದರಾಗಿ, ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯೂ ಆದರು. ಚಳವಳಿಗೆ ಅದು ಸಣ್ಣ ಪೆಟ್ಟಲ್ಲ.

ಚುನಾವಣೆಯಲ್ಲಿ ರೈತಸಂಘ ಬೇರು ಬಿಟ್ಟಿದ್ದು ಮಂಡ್ಯದಲ್ಲಿ. ಸಂಘದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ ಗೆದ್ದರು. ನಂತರದ ಮೂರು ಚುನಾವಣೆಗಳಲ್ಲಿ ಕ್ಷೇತ್ರ ಕೈಗೆ ಬರಲಿಲ್ಲ. ಈ ನಡುವೆ 2005ರಲ್ಲಿ, ಸಾಹಿತಿ ದೇವನೂರ ಮಹಾದೇವ ಮುಂತಾದವರ ಜೊತೆಗೂಡಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದ್ದಾಯಿತು. ಕ್ಷೇತ್ರಕ್ಕೆ ಮೇಲುಕೋಟೆ ಎಂಬ ಹೆಸರು ಬಂದ ಮೇಲೆ, 2013ರಲ್ಲಿ ಪುಟ್ಟಣ್ಣಯ್ಯ ಮತ್ತೆ ಗೆದ್ದರು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಮೆರಿಕದಲ್ಲಿದ್ದ ಮಗ ದರ್ಶನ್ ಆ ವರ್ಷ ಸ್ವರಾಜ್ ಇಂಡಿಯಾ ಪಕ್ಷದಿಂದ ನಿಂತು ಸುಮಾರು 22 ಸಾವಿರ ಮತಗಳಿಂದ ಸೋತರು. 2023ರಲ್ಲಿ ಸರ್ವೋದಯದಿಂದಲೇ ನಿಂತು ಸುಮಾರು 11 ಸಾವಿರ ಮತಗಳ ಅಂತರದಲ್ಲಿ ಗೆದ್ದರು. ಆ ಸಲ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲಿಸಿತ್ತು ಎಂಬುದನ್ನೂ ಹೇಳಬೇಕು. ಕಬ್ಬಿನ ಬಾಕಿ, ನಾಲೆಯ ನೀರು, ಕರೆಂಟು ಎಂದು ವರ್ಷವಿಡೀ ಹಳ್ಳಿಯಲ್ಲಿ ನಿಂತ ಸಂಘಟನೆ ಇದ್ದುದರಿಂದಲೇ ಮೇಲುಕೋಟೆಯಲ್ಲಿ ಸೋತರೂ ಪಕ್ಷ ಉಳಿಯಿತು.

ನಮ್ಮ ಚುನಾವಣಾ ಪದ್ಧತಿಯೂ ಸಣ್ಣ ಪಕ್ಷಕ್ಕೆ ಕರುಣೆ ತೋರುವುದಿಲ್ಲ. 1983ರಲ್ಲಿ ಪಶ್ಚಿಮ ಜರ್ಮನಿಯ ಗ್ರೀನ್ಸ್ ಪಕ್ಷ ಶೇ 5.6 ಮತಕ್ಕೇ ಸಂಸತ್ ಪ್ರವೇಶಿಸಿತು. ಇಲ್ಲಿ ಅಷ್ಟು ಮತ ಊರೂರಿಗೆ ಚದುರಿದರೆ ಠೇವಣಿಯೂ ಉಳಿಯದು.

ಹಸಿರು ರಾಜಕಾರಣಕ್ಕೆ ಬಳ್ಳಾರಿಗಿಂತ ತುರ್ತಾದ ನೆಲ ಯಾವುದಿತ್ತು? ಸಂಡೂರಿನ ಗುಡ್ಡಗಳು ಕರಗುತ್ತಿದ್ದವು, ಅದಿರು ಲಾರಿಗಳ ಕೆಂಪು ಧೂಳು ಬೆಳೆಯ ಮೇಲೆ ಕೂರುತ್ತಿತ್ತು. ಅಕ್ರಮ ಗಣಿಗಾರಿಕೆಯ ವಿರುದ್ಧದ ಹೋರಾಟವನ್ನು ನ್ಯಾಯಾಲಯಕ್ಕೆ ಒಯ್ದದ್ದು ಪಕ್ಷವಲ್ಲ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಜನರ ಸಿಟ್ಟನ್ನು ಮತವಾಗಿಸಿಕೊಂಡದ್ದು ದೊಡ್ಡ ಪಕ್ಷ: 2010ರಲ್ಲಿ ಕಾಂಗ್ರೆಸ್ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಹೊರಟಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. 2013ರ ಏಪ್ರಿಲ್‌ನಲ್ಲಿ, ಅತಿ ಹೆಚ್ಚು ಅಕ್ರಮ ನಡೆದಿದ್ದ ‘ಸಿ’ ವರ್ಗದ ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು. ಮರುತಿಂಗಳ ಚುನಾವಣೆಯಲ್ಲಿ ಬಳ್ಳಾರಿ ನಗರ, ಸಿರುಗುಪ್ಪ ಎರಡೂ ಕಾಂಗ್ರೆಸ್ ಪಾಲಾದವು.